ಮಾರಾಟಕ್ಕಿಲ್ಲದ ಮನೆಯ ಜಾಹೀರಾತು

ಜಾಹೀರಾತನ್ನು ಯಾರು ಕೂತು ಓದುತ್ತಾರೆ ಎಂಬ ಮಾತನ್ನು ನಾನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕೇಳಿದೆ. ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೂ ಕೇಳುತ್ತಿದ್ದೇನೆ. ಮೊನ್ನೆ ಧಾರವಾಡದ ಒಂದು ಅಚ್ಚುಕೂಟದಲ್ಲಿ ಪ್ರೂಫ್ ತಿದ್ದಲು ಹೊಸದಾಗಿ ಸೇರಿದ ಪದವೀಧರನೊಬ್ಬ ನನ್ನ ಅನುಭವ ಕೇಳಲು ಬಂದಿದ್ದ. ವಿನಯವಂತ. ಕಥೆ, ಕವಿತೆ, ಅಗ್ರಲೇಖ ಇವನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೇನೆ, ಮನೆ ಮಾರುವುದು ಹೊಲ ಮಾರುವುದು ಇವನ್ನು ಮಾತ್ರ ಮೇಲೆ ಮೇಲೆ ನೋಡಿ ಬಿಡುತ್ತೇನೆ ಎಂದು ಸಹಜವಾಗಿ ಹೇಳಿದ. ಅವನಿಗೆ ಚಹಾ ಕೊಟ್ಟು ಕಳಿಸಿದೆ. ಎದುರಿಗೆ ಬೈಯಲಿಲ್ಲ. ಅವನು ಹೋದ ಮೇಲೆ ಬೈದೆ. ಬೈದು ಮುಗಿಯಲಿಲ್ಲವಾದ್ದರಿಂದ ಇದನ್ನು ಬರೆಯಲು ಕೂತಿದ್ದೇನೆ.

ನಾನು ಧಾರವಾಡದವನು. ಕೆಲಸ ಮಾಡಿದ್ದು ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ. ಬೆಳಗಿನ ರೈಲಿಗೆ ಹೋಗುವುದು, ಸಂಜೆಯ ರೈಲಿಗೆ ಬರುವುದು. ಇಪ್ಪತ್ತರ ದಶಕದ ಕೊನೆಯಲ್ಲಿ ಸೇರಿದವನು ಎರಡನೆಯ ಮಹಾಯುದ್ಧ ಮುಗಿದ ಮೇಲೂ ಅಲ್ಲೇ ಇದ್ದೆ. ಪತ್ರಿಕೆ ಈಗ ಇಲ್ಲ, ಅದರ ಹೆಸರು ಬೇಡ. ಅದರ ಮಾಲಕರೂ ಸಂಪಾದಕರೂ ಒಬ್ಬರೇ. ಎಲ್ಲರೂ ಅವರನ್ನು ಬಾಳಾಸಾಹೇಬರು ಎನ್ನುತ್ತಿದ್ದರು. ಖಾದಿ ಉಟ್ಟ ಮನುಷ್ಯ, ಗಟ್ಟಿ ಮನುಷ್ಯ. ಕಲೆಕ್ಟರರ ವಿರುದ್ಧ ಅಗ್ರಲೇಖ ಬರೆದು ಸರಕಾರಕ್ಕೆ ಜಾಮೀನು ಹಣ ಕಟ್ಟಬೇಕಾಗಿ ಬಂದವರು. ಅವರ ಧೈರ್ಯದ ಬಗ್ಗೆ ನನಗೆ ಅಂದೂ ಗೌರವವಿತ್ತು, ಇಂದೂ ಇದೆ. ನನ್ನ ಸಿಟ್ಟು ಬೇರೆ ಕಾರಣದ್ದು.

ಅಚ್ಚಿನ ಮೊಳೆ ಜೋಡಿಸುವವರು ಹುಸೇನಸಾಬರು. ನಮ್ಮ ಕನ್ನಡಕ್ಕೆ ಒತ್ತಕ್ಷರ ಬೇರೆ, ಕೊಂಬು ಬೇರೆ, ದೀರ್ಘ ಬೇರೆ. ಒಂದೊಂದು ಪದಕ್ಕೂ ನಾಲ್ಕಾರು ಸಲ ಮೊಳೆಗಳ ಮನೆಗೆ ಕೈ ಹೋಗಬೇಕು. ಸೀಸದ ಮೊಳೆಗಳನ್ನು ತಲೆಕೆಳಗಾಗಿ ಓದುತ್ತ, ಮಬ್ಬು ಬೆಳಕಿನಲ್ಲಿ ನಿಂತುಕೊಂಡೇ ಇಡೀ ಪತ್ರಿಕೆಯನ್ನು ಅವರು ಜೋಡಿಸುತ್ತಿದ್ದರು. ಅಂಥ ಕೆಲಸದಲ್ಲಿ ತಪ್ಪು ಬೀಳುತ್ತದೆ. ಬೀಳದೆ ಇರುವುದಿಲ್ಲ. ಅದಕ್ಕೆಂದೇ ನನ್ನಂಥವನೊಬ್ಬನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವುದು.

ಆದರೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಮೊದಲ ಮೂರು ಪುಟಗಳ ಪ್ರೂಫ್ ನನ್ನ ಮೇಜಿಗೆ ಬರುತ್ತಿತ್ತು. ನಾಲ್ಕನೆಯ ಪುಟ, ಅಂದರೆ ಜಾಹೀರಾತಿನ ಪುಟ, ಹುಸೇನಸಾಬರ ಕೈಯಿಂದ ಸೀದಾ ಮಶೀನಿಗೆ ಹೋಗುತ್ತಿತ್ತು. ಮನೆ ಮಾರುವುದಿದೆ, ಖುಲ್ಲಾ ಜಾಗೆ ಬಾಡಿಗೆಗೆ ಇದೆ, ಹೊಲ ಹರಾಜು ಆಗುವುದಿದೆ ಎಂಬಂಥವೇ ಅದರ ತುಂಬ. ಹುಬ್ಬಳ್ಳಿಯಲ್ಲಿ ಹತ್ತಿಯ ದರ ಏರಿದಾಗ ಮನೆ ಕೊಳ್ಳುವವರು, ಇಳಿದಾಗ ಮಾರುವವರು. ರೈಲ್ವೆಯವರಿಗೆ ವರ್ಗವಾದಾಗಲೆಲ್ಲ ಮಾರುವವರು. ಪತ್ರಿಕೆ ಬದುಕಿದ್ದೇ ಆ ಪುಟದಿಂದ. ಮಕ್ಕಳ ಮದುವೆಗೆ, ಮುಪ್ಪಿನ ಆಸರೆಗೆ ಎಂದು ಒಂದು ಜೀವಮಾನವೆಲ್ಲ ಕೂಡಿಟ್ಟವರ ಮನೆಗಳು ಅಲ್ಲಿಯ ನಾಲ್ಕು ನಾಲ್ಕು ಸಾಲುಗಳಲ್ಲಿರುತ್ತಿದ್ದವು. ಅದನ್ನು ಓದಲು ಮಾತ್ರ ಯಾರೂ ಇರಲಿಲ್ಲ.

ನಾನು ಸೇರಿದ ಕೆಲವೇ ತಿಂಗಳಿಗೆ ಧಾರವಾಡದ ನಿವೃತ್ತ ಮಾಮಲೇದಾರರೊಬ್ಬರು ತಮ್ಮ ಮನೆ ಮಾರಲು ಜಾಹೀರಾತು ಕೊಟ್ಟರು. 'ಭದ್ರವಾದ ಮಾಳಿಗೆಯುಳ್ಳ ಮನೆ' ಎಂದು ಸ್ವಂತ ಕೈಯಿಂದ ಬರೆದುಕೊಟ್ಟಿದ್ದರು. ಭ ಮತ್ತು ಛ ಮೊಳೆಗಳು ನೋಡಲು ಅಕ್ಕತಂಗಿಯರಿದ್ದಂತೆ. ಜೋಡಿಸುವಾಗ 'ಛದ್ರ' ಆಯಿತು. ಮಶೀನು ನಡೆಸುವವನು ಕಣ್ಣಾಡಿಸಿ, ಛದ್ರ ಎಂಬ ಶಬ್ದವೇ ಇಲ್ಲವಲ್ಲ ಎಂದು ಒಳ್ಳೆಯ ಮನಸ್ಸಿನಿಂದಲೇ ಒಂದು ಗುಡಿಸು ಏರಿಸಿಬಿಟ್ಟ. 'ಛಿದ್ರವಾದ ಮಾಳಿಗೆಯುಳ್ಳ ಮನೆ' ಅಚ್ಚಾಯಿತು. ಊರೆಲ್ಲ ನಕ್ಕಿತು. ಬಾಳಾಸಾಹೇಬರು ಬಂದವರಿಗೆಲ್ಲ ತೋರಿಸಿ ತೋರಿಸಿ ನಕ್ಕರು. ಮಾಮಲೇದಾರರ ಮನೆಯಲ್ಲಿ ನಗುವವರು ಇರಲಿಲ್ಲ. ಮನೆ ನೋಡಲು ಬಂದವರೆಲ್ಲ ಮೊದಲು ತಲೆಯೆತ್ತಿ ಮಾಳಿಗೆ ನೋಡುತ್ತಿದ್ದರಂತೆ. ಒಬ್ಬನಂತೂ ಕೊಡೆಯ ತುದಿಯಿಂದ ಜಂತಿಗಳನ್ನು ತಿವಿದು ಮಣ್ಣು ಉದುರಿಸಿ, ಖರೇ ಐತಿ ನೋಡ್ರಿ ಅಂದನಂತೆ. ತಿವಿದರೆ ಯಾವ ಮಾಳಿಗೆಯಿಂದ ಮಣ್ಣು ಉದುರುವುದಿಲ್ಲ? ಮಾಮಲೇದಾರರು ಸೋತು, ಜಾಹೀರಾತನ್ನೇ ಬಿಟ್ಟು, ಸಿಕ್ಕಷ್ಟಕ್ಕೆ ಕೊಟ್ಟು ಮಗನ ಊರಿಗೆ ಹೋದರು.

ಇನ್ನು ಮೇಲೆ ನಾಲ್ಕನೆಯ ಪುಟವನ್ನೂ ಮೂಲಪ್ರತಿಯನ್ನೂ ನನಗೆ ಕೊಡಬೇಕೆಂದು ನಾನು ಬಾಳಾಸಾಹೇಬರಿಗೆ ಹೇಳಿದೆ. ನಿಮ್ಮ ಸಂಬಳ ಅಗ್ರಲೇಖ ಓದಲಿಕ್ಕೆ, ದಲಾಲರ ಚೀಟಿ ಓದಲಿಕ್ಕಲ್ಲ ಎಂದು ಅವರು ಅಲ್ಲಿಗೇ ಮುಗಿಸಿದರು. ಅವರ ಅಗ್ರಲೇಖದಲ್ಲಿ ಒಂದು ಅರ್ಧವಿರಾಮ ಹೆಚ್ಚುಕಡಿಮೆಯಾದರೆ ಅಚ್ಚುಕೂಟವೇ ನಡುಗುತ್ತಿತ್ತು. ಆರು ಸಲ ತಿದ್ದಿ, ಏಳನೆಯ ಸಲ ಮೊದಲಿನ ಹಾಗೆಯೇ ಮಾಡಿಸುತ್ತಿದ್ದರು. ನಾನು ಮತ್ತೆ ಮತ್ತೆ ಕೇಳಿದೆ. ಪ್ರತಿಸಲವೂ ಅದೇ ಉತ್ತರ ಬಂತು.

ಹಾಗಿರುವಾಗ ಆದದ್ದು ಗುರುಸಿದ್ಧಪ್ಪನವರ ಮನೆಯ ಪ್ರಕರಣ.

ಗುರುಸಿದ್ಧಪ್ಪನವರು ಹತ್ತಿಯ ವ್ಯಾಪಾರಿ. ಮನೆ ಕೇಶ್ವಾಪುರದಲ್ಲಿ. ಹಣೆಯ ತುಂಬ ವಿಭೂತಿ, ಮಾತು ಕಡಿಮೆ, ಕೊಟ್ಟ ಮಾತಿಗೆ ತಪ್ಪದವರು ಎಂದು ಪೇಟೆಯಲ್ಲಿ ಹೆಸರಿತ್ತು. ಒಬ್ಬಳೇ ಮಗಳು ನೀಲವ್ವ. ಅವಳನ್ನು ಗದಗಿನ ಒಂದು ವ್ಯಾಪಾರಿ ಮನೆತನಕ್ಕೆ ನಿಶ್ಚಯ ಮಾಡಿದ್ದರು. ಅವರ ಮನೆಯ ಉತ್ತರದ ಗೋಡೆಗೆ ಹೊಂದಿ ಒಬ್ಬ ರೈಲ್ವೆ ಗುಮಾಸ್ತನ ಸಣ್ಣ ಮನೆಯಿತ್ತು. ಗುಮಾಸ್ತನಿಗೆ ದೂರದ ಊರಿಗೆ ವರ್ಗವಾಯಿತು. ಅವನು ಜಾಹೀರಾತು ಬರೆದುಕೊಟ್ಟ: 'ಕೇಶ್ವಾಪುರದಲ್ಲಿಯ ಹತ್ತಿಯ ವ್ಯಾಪಾರಿ ಗುರುಸಿದ್ಧಪ್ಪನವರ ಮನೆಯ ಉತ್ತರಕ್ಕೆ ಹೊಂದಿದ ಸಣ್ಣ ಮನೆಯು ತುರ್ತಾಗಿ ಮಾರುವುದಿದೆ.' ಗುರುತು ಸಿಗಲೆಂದು ನೆರೆಯವರ ಹೆಸರು ಹಾಕುವುದು ಆಗಿನ ರೂಢಿ.

ಇದರಲ್ಲಿ 'ಮನೆಯ' ಒಂದು, 'ಮನೆಯು' ಇನ್ನೊಂದು. ಮೂಲವನ್ನು ನೋಡಿ, ಮೊಳೆಗೆ ಕೈಹಾಕಿ, ಮತ್ತೆ ಮೂಲಕ್ಕೆ ಕಣ್ಣು ತರುವಷ್ಟರಲ್ಲಿ ಹುಸೇನಸಾಬರ ಕಣ್ಣು ಮೊದಲನೆಯದನ್ನು ಬಿಟ್ಟು ಎರಡನೆಯದರ ಮೇಲೆ ಕೂತಿತು. ನಡುವಿನ ಶಬ್ದಗಳೆಲ್ಲ ಹಾರಿಹೋದವು. ಈ ವೃತ್ತಿಯಲ್ಲಿ ಇದಕ್ಕಿಂತ ಹಳೆಯ ತಪ್ಪು ಇಲ್ಲ, ಇದಕ್ಕಿಂತ ಮೋಸದ ತಪ್ಪೂ ಇಲ್ಲ. ಉಳಿದ ವಾಕ್ಯ ಎಲ್ಲಿಯೂ ಮುಗ್ಗರಿಸುವುದಿಲ್ಲ. ಮೂಲವನ್ನು ಪಕ್ಕಕ್ಕಿಟ್ಟುಕೊಂಡು ಓದಿದವನಿಗೆ ಮಾತ್ರ ತಿಳಿಯುತ್ತದೆ. ಗುರುವಾರ ಪತ್ರಿಕೆ ಹೊರಬಿತ್ತು: 'ಕೇಶ್ವಾಪುರದಲ್ಲಿಯ ಹತ್ತಿಯ ವ್ಯಾಪಾರಿ ಗುರುಸಿದ್ಧಪ್ಪನವರ ಮನೆಯು ತುರ್ತಾಗಿ ಮಾರುವುದಿದೆ.'

ಆ ವಾರ ಬಾಳಾಸಾಹೇಬರ ಅಗ್ರಲೇಖ ಪ್ರಜೆಗಳ ಹಕ್ಕಿನ ಬಗ್ಗೆ ಇತ್ತು. ಅದರಲ್ಲಿ ಒಂದೂ ತಪ್ಪಿರಲಿಲ್ಲ.

ಶುಕ್ರವಾರ ಮುಂಜಾನೆ ಗುರುಸಿದ್ಧಪ್ಪನವರ ಮನೆಯ ಅಂಗಳದಲ್ಲಿ ಹೆಂಗಸರು ಮದುವೆಗೆಂದು ಶಾವಿಗೆ ಹೊಸೆಯುತ್ತ ಕೂತಿದ್ದರಂತೆ. ಇಬ್ಬರು ಅಪರಿಚಿತ ಗಂಡಸರು ಚಪ್ಪಲಿ ಬಿಟ್ಟು ಒಳಗೇ ಬಂದರು. ಗೋಡೆ ತಟ್ಟಿ ನೋಡಿದರು, ಬಾವಿಗೆ ಇಣುಕಿದರು, ಅಡಿಗೆಮನೆಗೆ ಬೆಳಕು ಎತ್ತಣಿಂದ ಎಂದು ಕೇಳಿದರು. ನೀಲವ್ವನ ತಾಯಿ ಪಾರವ್ವ ಬೀಗರ ಕಡೆಯವರಿರಬೇಕೆಂದು ತಿಳಿದು ಬೆಲ್ಲ ನೀರು ಕೊಟ್ಟಳು. ಅವರು ನೀರು ಕುಡಿದು, ಯಾವಾಗ ಖಾಲಿ ಮಾಡುತ್ತೀರಿ ಎಂದರು. ಅವರು ಹೋದ ಮೇಲೆ ಮತ್ತಿಬ್ಬರು ಬಂದರು. ಸಂಜೆಯ ಹೊತ್ತಿಗೆ ಪೇಟೆಯಲ್ಲಿ ಗುರುಸಿದ್ಧಪ್ಪ ಮುಳುಗಿದ ಎಂಬ ಮಾತು ಎದ್ದಿತ್ತು. ಮರುವಾರ ಬರುವಷ್ಟರಲ್ಲಿ ಗದಗಿನಿಂದ ಹಿರಿಯರೊಬ್ಬರು ಬಂದು, ಈ ವರ್ಷ ನಮಗೆ ಅನುಕೂಲ ಇಲ್ಲ ಎಂದು ಹೇಳಿ, ಕೂಡ್ರದೆಯೇ ಹೋದರು.

ಆಗ ತಂದೆ ಮಗಳು ಇಬ್ಬರೂ ಅಚ್ಚುಕೂಟಕ್ಕೆ ಬಂದರು. ಆ ಕಾಲಕ್ಕೆ ಮದುವೆಯಾಗಬೇಕಾದ ಹುಡುಗಿ ಅಚ್ಚುಕೂಟದ ಮೆಟ್ಟಿಲು ಹತ್ತುವುದು ಕಂಡದ್ದಲ್ಲ. ಗುರುಸಿದ್ಧಪ್ಪನವರು ರುಮಾಲು ಕೈಯಲ್ಲಿ ಹಿಡಿದು ಬಾಗಿಲ ಹತ್ತಿರವೇ ನಿಂತರು. ಮಾತಾಡಿದವಳು ನೀಲವ್ವ. ಯಾರು ಬರೆದರು, ಯಾರು ಓದಿದರು, ಯಾರು ಸರಿ ಅಂದರು ಎಂದು ಒಂದೊಂದಾಗಿ ಕೇಳಿದಳು. ಬರೆದವನು ಸರಿಯಾಗಿಯೇ ಬರೆದಿದ್ದಾನೆ ಎಂದು ನಾನು ಮೂಲದ ಚೀಟಿ ತೋರಿಸಿದೆ. ಹಾಗಾದರೆ ಓದಿದವರು ಯಾರು ಎಂದಳು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಬಾಳಾಸಾಹೇಬರು. ಅವರು ಕಾಗದದಿಂದ ತಲೆಯೆತ್ತಿ, ಅಚ್ಚಿನ ತಪ್ಪು ತಾಯಿ, ಬರುವ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ ಎಂದು ಸಮಾಧಾನದ ದನಿಯಲ್ಲಿ ಹೇಳಿದರು.

"ಎಲ್ಲಿ ಹಾಕ್ತೀರಿ?" ಎಂದಳು ನೀಲವ್ವ. "ಅದನ್ನ ಹಾಕಿದ ಜಾಗಾದಾಗ, ಅಷ್ಟ ದೊಡ್ಡ ಅಕ್ಷರದಾಗ ಹಾಕ್ರಿ. ಮಾರೋದು ಗುರುಸಿದ್ಧಪ್ಪನವರ ಮನಿ ಅಲ್ಲ ಅಂತ ಹೆಸರು ಹಿಡದು ಹಾಕ್ರಿ."

ಬಾಳಾಸಾಹೇಬರು ಆಗಲಿ ಎಂದರು. ತಂದೆ ಮಗಳು ಹೋದರು.

ಆ ತಿದ್ದುಪಡಿಯನ್ನು ನಾನೇ ಬರೆದು, ಹೆಸರು ಹಾಕಿ, ಹುಸೇನಸಾಬರ ಕೈಗೆ ಕೊಟ್ಟು ಸಂಜೆಯ ರೈಲಿಗೆ ಹೋದೆ. ಗುರುವಾರ ಪತ್ರಿಕೆ ಬಿಚ್ಚಿದರೆ ಕೊನೆಯ ಪುಟದ ತಳದಲ್ಲಿ, ಕೂದಲು ಬೆಳೆಯುವ ಎಣ್ಣೆಯ ಜಾಹೀರಾತಿನ ಕೆಳಗೆ ಎರಡು ಸಾಲು ಇದ್ದವು. ಕಳೆದ ಸಂಚಿಕೆಯ ಒಂದು ಜಾಹೀರಾತಿನಲ್ಲಿ ಕೆಲವು ಶಬ್ದಗಳು ಬಿಟ್ಟುಹೋಗಿವೆ, ಓದುಗರು ತಿದ್ದಿಕೊಂಡು ಓದಬೇಕು. ಯಾವ ಜಾಹೀರಾತು? ಯಾವ ಶಬ್ದ? ಓದುಗರು ಏನೆಂದು ತಿದ್ದಿಕೊಳ್ಳಬೇಕು? ನಾನು ಬರೆದುಕೊಟ್ಟದ್ದನ್ನು ಬಾಳಾಸಾಹೇಬರು ಕಿತ್ತುಹಾಕಿ ತಮ್ಮದನ್ನು ಹಾಕಿಸಿದ್ದರು. ಹೆಸರು ಹಾಕಿದರೆ ಪತ್ರಿಕೆ ತಪ್ಪು ಮಾಡಿತು ಎಂದು ನಾವೇ ಡಂಗುರ ಹೊಡೆದಂತೆ ಆಗುತ್ತದೆ ಎಂಬುದು ಅವರ ವಾದ. ಅಂದು ನಾನು ಅವರೆದುರು ಮೇಜು ಗುದ್ದಿ ಮಾತಾಡಿದೆ. ಬೇರೊಬ್ಬರ ಮನೆಯ ಮಾನ ಹೋದದ್ದು ಡಂಗುರವಲ್ಲವೇ ಎಂದು ಕೇಳಿದೆ. ಅವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಅಗ್ರಲೇಖದ ಪ್ರೂಫ್ ಆಯಿತೇನು ಎಂದು ಕೇಳಿದರು.

ಅದೇ ವಾರ ಹುಸೇನಸಾಬರು ಯಾರಿಗೂ ಹೇಳದೆ ಕೇಶ್ವಾಪುರಕ್ಕೆ ನಡೆದುಕೊಂಡು ಹೋಗಿ, ಗುರುಸಿದ್ಧಪ್ಪನವರ ಬಾಗಿಲಲ್ಲಿ ನಿಂತು, ಕೈ ನನ್ನದು, ತಪ್ಪು ನನ್ನದು ಎಂದು ಹೇಳಿ ಬಂದರು. ನೀಲವ್ವ ಅವರನ್ನು ಕಟ್ಟೆಯ ಮೇಲೆ ಕೂಡ್ರಿಸಿ ಮಜ್ಜಿಗೆ ಕೊಟ್ಟಳಂತೆ. ಹೋಗಬೇಕಾದವರು ಹೋಗಲಿಲ್ಲ. ಕೊನೆಯವರೆಗೂ ಹೋಗಲಿಲ್ಲ.

ನನಗೆ ತಡೆಯಲಾಗಲಿಲ್ಲ. ಭಾನುವಾರ ಗದಗಿನ ರೈಲು ಹತ್ತಿದೆ. ಮೂಲದ ಚೀಟಿ, ಅಚ್ಚಾದ ಪತ್ರಿಕೆ ಎರಡನ್ನೂ ಜೊತೆಗೆ ಒಯ್ದಿದ್ದೆ. ವರನ ತಂದೆ ರೈತರ ಮಾಲು ಮಾರಿಕೊಡುವ ದೊಡ್ಡ ಅಡತಿ ಅಂಗಡಿಯವರು. ಗಾದಿಯ ಮೇಲೆ ಕೂತು ನಾನು ಹೇಳಿದ್ದನ್ನೆಲ್ಲ ಕೇಳಿದರು. ಚೀಟಿಯನ್ನು ಬೆಳಕಿಗೆ ಹಿಡಿದು ಓದಿದರು, ಪತ್ರಿಕೆಯನ್ನೂ ಓದಿದರು. ಮುಖ ಅರಳಿತು.

"ಹಂಗಾರ ಮನಿ ಇನ್ನೂ ಅವರ ಕಡೇನ ಐತಿ ಅನ್ರಿ" ಎಂದರು.

ಐತ್ರಿ ಎಂದೆ. ಹಾಲು ತರಿಸಿಕೊಟ್ಟರು. ತಾವೇ ಬಂದು ಮುರಿದ ಮಾತನ್ನು ಕೂಡಿಸುವುದಾಗಿ ಹೇಳಿದರು. ಹಿಂದಿರುಗುವಾಗ ಹಗುರಾಗಿದ್ದೆ. ಹುಬ್ಬಳ್ಳಿಯಲ್ಲಿ ಇಳಿದು ಸೀದಾ ಕೇಶ್ವಾಪುರಕ್ಕೆ ಹೋದೆ. ಗುರುಸಿದ್ಧಪ್ಪನವರು ನನ್ನ ಕೈ ಹಿಡಿದುಕೊಂಡರು. ಪಾರವ್ವ ದೇವರ ಜಗಲಿಗೆ ಹೋಗಿ ಅಡ್ಡಬಿದ್ದಳು. ನೀಲವ್ವ ಮಾತ್ರ ನಡುಮನೆಯ ಕಂಬಕ್ಕೆ ಒರಗಿ ನಿಂತು, ಅವರು ಏನಂದರು, ಅಂದಹಾಗೇ ಹೇಳ್ರಿ ಎಂದಳು. ನಾನು ಹೇಳಿದೆ, ಮನೆಯ ಮಾತೂ ಸೇರಿಸಿ.

ಅವಳು ತಂದೆಯ ಕಡೆ ತಿರುಗಿದಳು.

"ಅಪ್ಪಾ, ಗದಗ ಏನು ದೂರ ಐತಿ? ಒಬ್ರರ ಬಂದು ನಿನ್ನ ಕೇಳಬಹುದಿತ್ತು. ಕೇಳಲಿಲ್ಲ. ಪೇಪರ ನೋಡಿ ಹೋದರು. ಈಗ ಚೀಟಿ ನೋಡಿ ಬರ್ತಾರ. ನಾಳೆ ಇನ್ನೊಂದು ಪೇಪರ ಬಂದರ ನನ್ನ ಎಲ್ಲಿ ಕಳಸ್ತಾರ?"

ಆ ಮನೆಗೆ ನಾನು ಹೋಗಲಾರೆ ಎಂದು ಹೇಳಿ ಒಳಗೆ ಹೋದಳು. ತಂದೆ ಬೇಡಿಕೊಂಡರು, ತಾಯಿ ಅತ್ತಳು, ಹಿರಿಯರು ಬಂದು ಬುದ್ಧಿ ಹೇಳಿದರು. ಅವಳು ಬಗ್ಗಲಿಲ್ಲ. ಗದಗಿನವರು ಬಂದವರು ಊಟ ಮಾಡಿ ಹಾಗೆಯೇ ಹೋದರು. ಪಾರವ್ವನ ಸಿಟ್ಟು ಯಾರ ಮೇಲೆ ಬೀಳಬೇಕು? ನನ್ನ ಮೇಲೆಯೇ ಬಿತ್ತು. ನಿಮ್ಮ ಪೇಪರಿನಿಂದ ನನ್ನ ಮಗಳ ಹಣೆಬರಹ ಕೆಟ್ಟಿತು, ಇನ್ನೊಮ್ಮೆ ಈ ಹೊಸ್ತಿಲು ತುಳಿಯಬೇಡಿರಿ ಎಂದಳು. ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ. ಅವಳು ಬೈದದ್ದು ನನಗೆ ನೋಯಲಿಲ್ಲವೆಂದಲ್ಲ. ಆದರೆ ಆ ಬೈಗುಳ ಸೇರಬೇಕಾದ ಕಿವಿ ಬೇರೆಯಿತ್ತು ಎಂಬುದು ಹೆಚ್ಚು ಉರಿಯಿತು.

ನೀಲವ್ವ ಮುಂದೆ ಧಾರವಾಡಕ್ಕೆ ಬಂದು ಶಿಕ್ಷಕಿಯ ತರಬೇತಿ ಮುಗಿಸಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸಕ್ಕೆ ನಿಂತಳು. ಒಳ್ಳೆಯ ಹೆಸರು ಗಳಿಸಿದಳು. ಮದುವೆಯಾಗಲಿಲ್ಲ. ಪಾರವ್ವ ಆ ಕೊರಗಿನಲ್ಲಿಯೇ ತೀರಿಕೊಂಡಳು. ಈ ಕಥೆ ಹೇಳಿದಾಗ ಕೆಲವರು, ನೋಡಿರಿ, ಆದದ್ದೆಲ್ಲ ಒಳ್ಳೆಯದೇ ಆಯಿತು, ಅಂಥ ಮನೆಗೆ ಹೋಗುವುದು ತಪ್ಪಿತು ಎನ್ನುತ್ತಾರೆ. ಬಾಳಾಸಾಹೇಬರೂ ಒಮ್ಮೆ ಹಾಗೆಯೇ ಅಂದರು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಹುಡುಗಿ ತನ್ನ ಬಾಳನ್ನು ತಾನು ಕಟ್ಟಿಕೊಂಡಳು. ಅದರಲ್ಲಿ ನಮ್ಮ ಪತ್ರಿಕೆಯ ಪಾಲು ಏನೂ ಇಲ್ಲ. ಬಾವಿಗೆ ತಳ್ಳಿದವನು, ನನ್ನಿಂದಲೇ ನೀನು ಈಜು ಕಲಿತೆ ಎಂದು ಹೇಳಿದಂತಾಯಿತು ಅದು.

ಇಷ್ಟಾದ ಮೇಲೆ ನಮ್ಮಲ್ಲಿ ಪದ್ಧತಿ ಬದಲಾಯಿತು. ಹುಡುಗಿಯ ಪ್ರಶ್ನೆಗೆ ಬದಲಾಯಿತೆಂದು ತಿಳಿಯಬೇಡಿರಿ. ಗುರುಸಿದ್ಧಪ್ಪನವರ ಜೊತೆಯ ವ್ಯಾಪಾರಿಗಳು ನಮ್ಮ ಪತ್ರಿಕೆಗೆ ಜಾಹೀರಾತು ಕೊಡುವುದನ್ನು ನಿಲ್ಲಿಸಿಬಿಟ್ಟರು, ಅದಕ್ಕೆ ಬದಲಾಯಿತು. ಬಾಳಾಸಾಹೇಬರು ನಾಲ್ಕನೆಯ ಪುಟವನ್ನು ನನ್ನ ಮೇಜಿಗೆ ಕಳಿಸತೊಡಗಿದರು.

ಈಗಿನ ತರುಣರಿಗೆ ಹೇಳುತ್ತೇನೆ, ನಾವು ಹೇಗೆ ಓದುತ್ತಿದ್ದೆವು ಎಂದು. ಒಬ್ಬರೇ ಓದಬೇಡಿರಿ. ನಾನು ಮೂಲವನ್ನು ಗಟ್ಟಿಯಾಗಿ ಓದುತ್ತಿದ್ದೆ, ಹುಸೇನಸಾಬರು ಪ್ರೂಫಿನ ಮೇಲೆ ಬೆರಳಿಟ್ಟು ಹೋಗುತ್ತಿದ್ದರು. ಮನೆಯ ನಂಬರನ್ನು ನಲವತ್ತೇಳು ಎಂದು ಓದಬಾರದು. ನಾಲ್ಕು, ಏಳು ಎಂದು ಬಿಡಿಬಿಡಿಯಾಗಿ ಓದಬೇಕು. ಮನೆಯ ನಾಲ್ಕೂ ದಿಕ್ಕಿಗೆ ಏನಿದೆ ಎಂದು ಬರೆಯುವ ಚತುಃಸೀಮೆ ಬಂದಾಗ ಕುರ್ಚಿಯಿಂದೆದ್ದು ಪೂರ್ವಕ್ಕೆ ಮುಖ ಮಾಡಿ ನಿಂತು, ಆ ಮನೆಯ ಬಾಗಿಲಲ್ಲಿ ನಿಂತಂತೆ ಓದಬೇಕು. ಒಮ್ಮೆ ನಾನು ಹೀಗೆ ಕೈ ಮಾಡಿ ತಿರುಗುತ್ತಿದ್ದುದನ್ನು ಕಂಡು ಬಾಳಾಸಾಹೇಬರ ಅತಿಥಿಯೊಬ್ಬರು, ಇವರಿಗೆ ಏನಾದರೂ ಬಾಧೆ ಇದೆಯೇ ಎಂದು ವಿಚಾರಿಸಿದರಂತೆ. ಇರಲಿ. ಉತ್ತರ ದಕ್ಷಿಣ ಅದಲುಬದಲಾಗಿ, ಒಬ್ಬನ ಗೋಡೆ ಇನ್ನೊಬ್ಬನದಾಗಿ, ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ಬೇರೆ ಪತ್ರಿಕೆಗಳಲ್ಲಿ ನೋಡಿದ್ದೇನೆ. ಹುಸೇನಸಾಬರು ಇರುವವರೆಗೆ ನಮ್ಮಲ್ಲಿ ಆಗಲಿಲ್ಲ.

ಯುದ್ಧ ಶುರುವಾಯಿತು. ಕಾಗದ ಸಿಗದೆ ಪುಟಗಳು ಕಿರಿದಾದವು. ಜಾಹೀರಾತುಗಳು ಮಾತ್ರ ಹೆಚ್ಚಾದವು. ಎಲ್ಲವನ್ನೂ ತುರುಕಲು ಅತಿ ಸಣ್ಣ ಮೊಳೆ ತರಿಸಿದರು. ಆ ಮೊಳೆ ಹುಸೇನಸಾಬರ ಕಣ್ಣನ್ನು ತಿಂದುಹಾಕಿತು. ಅವರು ಕೆಲಸ ಬಿಟ್ಟರು. ಅವರ ಜಾಗಕ್ಕೆ ಬಂದವರಿಗೆ ನನ್ನ ಜೊತೆ ಕೂತು ಓದಲು ಪುರಸೊತ್ತಿಲ್ಲ ಎಂದು ಬಾಳಾಸಾಹೇಬರು ನಿರ್ಣಯಿಸಿದರು. ನಾನು ಒಬ್ಬನೇ, ಭೂತಕನ್ನಡಿ ಹಿಡಿದು ಓದತೊಡಗಿದೆ.

ಅದೇ ಕಾಲಕ್ಕೆ ಹುಬ್ಬಳ್ಳಿಯ ಸುತ್ತ ಹೊಲಗಳನ್ನು ತುಂಡುಮಾಡಿ ಪ್ಲಾಟು ಎಂದು ಮಾರುವ ಹೊಸ ವ್ಯಾಪಾರ ಹುಟ್ಟಿತು. ರೈಲ್ವೆ ವರ್ಕ್‌ಶಾಪಿಗೆ ಕೆಲಸಕ್ಕೆ ಬಂದವರಿಗೆ ಸ್ವಂತಕ್ಕೊಂದು ಸೂರು ಬೇಕಿತ್ತು. ಶಂಕ್ರಪ್ಪ ಎಂಬ ದಲಾಲ ಬೆಂಗೇರಿಯ ಹತ್ತಿರ ಒಂದು ಎರೆ ಹೊಲಕ್ಕೆ ಗೂಟ ಹೊಡೆಸಿ ಜಾಹೀರಾತು ಕೊಟ್ಟ. ಮೊದಲ ವಾರ ಅವನೇ ಬರೆದಂತೆ 'ಪೂರ್ವಕ್ಕೆ ಆಗಲಿರುವ ಅಗಲವಾದ ರಸ್ತೆ' ಎಂದು ಅಚ್ಚಾಯಿತು. ಪ್ಲಾಟು ಹೋಗಲಿಲ್ಲ. ಎರಡನೆಯ ವಾರ ಅವನು ಅಚ್ಚುಕೂಟಕ್ಕೇ ಬಂದ. ನಗುತ್ತ ನನ್ನ ಮೇಜಿನ ಮೂಲೆಗೆ ಕೂತು, 'ಆಗಲಿರುವ' ಅನ್ನೋದೊಂದು ತೆಗೆದುಬಿಡ್ರಿ, ಜಾಗಾ ಉಳಿತಾಯ ಆಕ್ಕೈತಿ ಎಂದ.

ರಸ್ತೆ ಆಗಿದೆಯೇ ಎಂದು ಕೇಳಿದೆ. ಆಗದೆ ಎಲ್ಲಿಗೆ ಹೋಗುತ್ತದೆ ಎಂದ. ಹಾಗಾದರೆ ಆದ ಮೇಲೆ ತೆಗೆಯೋಣ ಎಂದು ನಾನು ಪ್ರೂಫಿನಲ್ಲಿ ಆ ಶಬ್ದವನ್ನು ಹಾಗೆಯೇ ಉಳಿಸಿದೆ. ಅವನು ನಗುತ್ತಲೇ ಎದ್ದು ಬಾಳಾಸಾಹೇಬರ ಕೋಣೆಗೆ ಹೋದ. ಸ್ವಲ್ಪ ಹೊತ್ತಿಗೆ ನನಗೆ ಕರೆ ಬಂತು. ಅದು ಅವರ ಜಾಹೀರಾತು, ನಿಮ್ಮ ಲೇಖನವಲ್ಲ, ಅವರು ತೆಗೆ ಅಂದರೆ ತೆಗೆಯಬೇಕು ಎಂದರು ಬಾಳಾಸಾಹೇಬರು.

ಇಷ್ಟು ವರ್ಷ ಒಳಗೆ ಕುದ್ದದ್ದು ಆಗ ಹೊರಗೆ ಬಂತು.

"ಸಾಹೇಬರ, ಸರಕಾರ ಸುಳ್ಳು ಹೇಳಿದರ ನೀವು ಮೊದಲನೇ ಪುಟದಾಗ ಅಗ್ರಲೇಖ ಬರೀತೀರಿ. ಅದಽ ಕಾಗದದ ನಾಕನೇ ಪುಟದಾಗ ಈ ಸುಳ್ಳು ಹ್ಯಾಂಗ ಛಾಪಸ್ತೀರಿ?"

ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಮುಖ ದಣಿದಿತ್ತು.

"ನಾಕನೇ ಪುಟ ನಡದರ ಮೊದಲನೇ ಪುಟ ನಡೀತದ, ರಾಯರ" ಎಂದು ಹೇಳಿ, ನನ್ನ ಪ್ರೂಫನ್ನು ತೆಗೆದುಕೊಂಡು ತಮ್ಮ ಕೈಯಾರೆ ಆ ಶಬ್ದವನ್ನು ಹೊಡೆದುಹಾಕಿದರು. 'ಪೂರ್ವಕ್ಕೆ ಅಗಲವಾದ ರಸ್ತೆ.' ಅಚ್ಚಾಯಿತು. ಅಕ್ಷರದ ತಪ್ಪು ಒಂದೂ ಇರಲಿಲ್ಲ.

ಪ್ರೂಫ್ ತಿದ್ದುವವನ ಕೆಲಸ ಅಲ್ಲಿಗೆ ಮುಗಿಯಿತು ಎನ್ನುವವರಿದ್ದಾರೆ. ನನಗೆ ಮುಗಿಯಲಿಲ್ಲ. ಭಾನುವಾರ ಬೆಂಗೇರಿಗೆ ಹೋದೆ. ಹಿಂದಿನ ದಿನ ಮಳೆಯಾಗಿತ್ತು. ಎರೆಮಣ್ಣು ಹೆಜ್ಜೆಹೆಜ್ಜೆಗೂ ಚಪ್ಪಲಿಗೆ ಮೆತ್ತಿ, ಕಾಲೆತ್ತಲು ಬಿಡುತ್ತಿರಲಿಲ್ಲ. ಗೂಟಗಳ ನಡುವೆ ನಾಲ್ಕಾರು ಜನ ಓಡಾಡುತ್ತಿದ್ದರು. ಶಂಕ್ರಪ್ಪ ಆಚೆ ತುದಿಯಲ್ಲಿ ಯಾರಿಗೋ ಕೈ ಮಾಡಿ ತೋರಿಸುತ್ತಿದ್ದ. ಈಚೆಗೆ ವರ್ಕ್‌ಶಾಪಿನ ನೀಲಿ ಅಂಗಿ ತೊಟ್ಟ ಒಬ್ಬ ಫಿಟ್ಟರ, ಫಕ್ಕೀರಪ್ಪ ಎಂದು ಹೆಸರು ಹೇಳಿದ, ಹೆಂಡತಿಯನ್ನು ಕರೆದುಕೊಂಡು ನಿಂತಿದ್ದ. ಹೆಂಡತಿ ಸೀರೆಯ ನೆರಿಗೆ ಎತ್ತಿಕಟ್ಟಿಕೊಂಡು, ಒಲೆ ಇಲ್ಲಿ ಬರಲಿ, ಬಚ್ಚಲು ಅಲ್ಲಿ ಬರಲಿ ಎಂದು ಬರಿಯ ಹೊಲದಲ್ಲಿ ಜಾಗ ಗುರುತು ಮಾಡುತ್ತಿದ್ದಳು.

ನಾನು ಹತ್ತಿರ ಹೋಗಿ ಹೇಳಿದೆ. ಈ ಜಾಗೆಗೆ ರಸ್ತೆ ಇಲ್ಲ. ಆಗುತ್ತದೆಂಬ ಖಾತ್ರಿಯೂ ಇಲ್ಲ. ಜಾಹೀರಾತಿನಲ್ಲಿದ್ದ ಒಂದು ಶಬ್ದವನ್ನು ಬೇಕೆಂದೇ ತೆಗೆದಿದ್ದಾರೆ. ಪೂರ್ವಕ್ಕೆ ತಿರುಗಿ ನೀವೇ ನೋಡಿರಿ ಎಂದೆ. ಗಂಡಹೆಂಡತಿ ಇಬ್ಬರೂ ಪೂರ್ವಕ್ಕೆ ತಿರುಗಿ ನೋಡಿದರು. ಜೋಳದ ಹೊಲ, ಆಚೆಗೆ ಒಂದು ಹಳ್ಳ. ಮತ್ತೇನೂ ಇರಲಿಲ್ಲ. ನೀವು ಯಾರು ಎಂದು ಅವನು ಕೇಳಿದ. ಆ ಪತ್ರಿಕೆಯಲ್ಲಿ ತಪ್ಪು ತಿದ್ದುವ ಕೆಲಸದವನು ಎಂದೆ. ಹೆಂಡತಿ ಗಂಡನ ಮುಖ ನೋಡಿದಳು.

ಫಕ್ಕೀರಪ್ಪ ಅಂಗಿಯ ಕಿಸೆಯಿಂದ ಪತ್ರಿಕೆಯ ತುಂಡನ್ನು ತೆಗೆದ. ನೀಟಾಗಿ ಕತ್ತರಿಸಿ, ಮಡಚಿ ಇಟ್ಟುಕೊಂಡಿದ್ದ. ಅಕ್ಷರದ ಮೇಲೆ ಬೆರಳಿಟ್ಟು ಮತ್ತೊಮ್ಮೆ ನಿಧಾನವಾಗಿ ಓದಿದ. ನಾನು ಹೇಳಿದ್ದು ಸುಳ್ಳೆಂದು ಅವನು ಅನ್ನಲಿಲ್ಲ. ಆದರೆ ಮರ್ಯಾದೆಯಿಂದಲೇ ಕೇಳಿದ.

"ಅಚ್ಚಾಗಿ ಬಂದೈತಲ್ರಿ, ರಾಯರ. ಸುಳ್ಳು ಇದ್ದರ ತಪ್ಪು ತಿದ್ದಾವ್ರು ನೀವು ಬಿಡ್ತಿದ್ರೇನು?"

ಅಷ್ಟರಲ್ಲಿ ಶಂಕ್ರಪ್ಪ ಆಚೆಯಿಂದ ಕೂಗಿ ಕರೆದ. ಫಕ್ಕೀರಪ್ಪ ನನಗೆ ಕೈಮುಗಿದು, ಕಾಗದದ ತುಂಡನ್ನು ಮತ್ತೆ ಮಡಚಿ ಕಿಸೆಯಲ್ಲಿಟ್ಟುಕೊಂಡು, ಹೆಂಡತಿಯ ಕೈ ಹಿಡಿದು ಆ ಕೆಸರಿನಲ್ಲಿ ನಿಧಾನವಾಗಿ ದಲಾಲನ ಕಡೆಗೆ ನಡೆದ.

ಅಲ್ಲಿ ಫಕ್ಕೀರಪ್ಪನ ಮನೆ ಎದ್ದಿತು. ನಾನು ಕೆಲಸ ಬಿಡುವವರೆಗೂ ಅಲ್ಲಿಗೆ ರಸ್ತೆ ಹೋಗಿರಲಿಲ್ಲ.